ಆರತಿ ಕಾಣದ ಐದನೆಯ ಕಾರು

ಹೊಟ್ಟೆಕಿಚ್ಚಿಗೆ ಮೈಲೇಜ್ ಜಾಸ್ತಿ. ಒಂದು ಸಲ ತುಂಬಿಸಿದರೆ ಸಾಕು, ಮನುಷ್ಯ ಸೇಡಂನಿಂದ ವಾಡಿಗೆ, ವಾಡಿಯಿಂದ ಶಹಾಬಾದಿಗೆ, ಅಲ್ಲಿಂದ ತಿರುಗಿ ಚಿಂಚೋಳಿಗೆ ಎಲ್ಲಿಯೂ ನಿಲ್ಲದೆ ಓಡಬಲ್ಲ. ಸೇಡಂ ತಹಸೀಲ್ ಕಚೇರಿಯ ಎದುರಿಗೆ ಝರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಅಣವೀರ ಆ ವರ್ಷ ಓಡಿದ್ದು ಹೀಗೆಯೇ. ಅವನ ಟಾಕಿ ತುಂಬಿಸಿದವಳು ಅತ್ತೆ ಭೀಮಬಾಯಿ.

ಭೀಮಬಾಯಿ ವಾಡಿಯವಳು. ಅಣವೀರನ ಅಪ್ಪನ ಖಾಸಾ ತಂಗಿ. ಅವಳ ಹಿರಿ ಮಗಳು ರಾಧಿಕಾಳನ್ನು ಮದುವೆಯಾದ ಮೇಲೆ ಇನ್ನೊಂದು ಲೆಕ್ಕದಲ್ಲೂ ಅತ್ತೆಯಾದಳು. ಎರಡೆರಡು ಸಂಬಂಧವಿದ್ದರೆ ಮರ್ಯಾದೆಯೂ ಎರಡು ಪಾಲು ಸಿಗುತ್ತದೆ ಎಂದು ತಿಳಿದವರು ಸೋದರತ್ತೆಯ ಮಗಳನ್ನು ಮದುವೆಯಾಗಿ ನೋಡಲಿ. ಕಿರಿ ಮಗಳು ಪ್ರೀತಿಯ ಗಂಡ ದಿಲೀಪ ಶಹಾಬಾದಿನವನು, ಹೊರಗಿನವನು. ಆದ್ದರಿಂದ ಅವನೇ ಅಳಿಯ. ಅವನು ಬಂದರೆ ಮನೆಯಲ್ಲಿದ್ದ ಒಂದೇ ಒಂದು ಗಾದಿ ಕುರ್ಚಿಯ ಮೇಲೆ ಹೊಸ ಟವೆಲ್ ಹಾಸುತ್ತಿದ್ದಳು. ಅಣವೀರ ಬಂದರೆ, "ಬಂದೇನು? ಭಾಳ ಚಲೋ ಆತು. ಅಟ್ಟದ ಮ್ಯಾಲಿನ ಜ್ವಾಳದ ಚೀಲ ಇಳಸು" ಎನ್ನುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಅಣವೀರ ಇಳಿಸಿದ ಚೀಲಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ವಾಡಿಯ ಸಿಮೆಂಟ್ ಕಾರ್ಖಾನೆಯ ಚಿಮಣಿಗೆ ತನ್ನ ಎತ್ತರದ ಬಗ್ಗೆ ಅನುಮಾನ ಬರುತ್ತಿತ್ತು.

ಇದನ್ನೆಲ್ಲ ಅವನು ಸಹಿಸಿಕೊಂಡಿದ್ದ. ಆದರೆ ದಿಲೀಪ ಒಂದು ಸೆಕೆಂಡ್ ಹ್ಯಾಂಡ್ ಬಿಳಿ ಕಾರು ಕೊಂಡ. ಅತ್ತೆಯನ್ನು ಅದರ ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಶಹಾಬಾದಿನ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದ. ಅಂದು ಸಂಜೆಯೇ ಸೇಡಂಗೆ ಫೋನು ಬಂತು.

"ಏನ್ ಸೀಟ್ ಅಂತೀದಿ ಅಣವೀರಾ! ಕುಂತಿದ್ದೂ ತಿಳೀಲಿಲ್ಲ, ಹಲ್ಲ ಕಿತ್ತಿದ್ದೂ ತಿಳೀಲಿಲ್ಲ."

"ಅತ್ತಿ, ನಾನೂ ಮೋಟಾರ್ ಸೈಕಲ್ ಮ್ಯಾಗ ನಿನ್ನ ನಾಕು ಸಲ ದವಾಖಾನಿಗಿ ಕರ್ಕೊಂಡು ಹೋಗೀನಲ್ಲ."

"ಅದ್ರ ಮ್ಯಾಗ ಕುಂತು ಹೋಗಿದ್ದಕ್ಕೇ ಮತ್ತ ಮತ್ತ ಹೋಗಬೇಕಾತು. ಇರ್ಲಿ, ಕೇಳು. ಮುಂದಿನ ಅಮಾಸಿ ಬಿಟ್ಟು ಅದರ ಮುಂದಿನ ಅಮಾಸಿಗಿ ನಾಲವಾರ ಮಠಕ್ಕ ಬರ್ತೀನಂತ ಬೇಡ್ಕೊಂಡೀನಿ. ಈ ಸಲ ರೈಲಿನ್ಯಾಗ ಹೋಗಂಗಿಲ್ಲ. ಅಳಿಯನ ಗಾಡ್ಯಾಗ, ಮುಂದ ಕುಂತು ಹೋಗಾಕಿ."

ಯಾವ ಅಳಿಯ ಎಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ. ಅಣವೀರ ಫೋನು ಕೆಳಗಿಟ್ಟ. ಆ ಅಮಾವಾಸ್ಯೆಯ ದಿನ ಅತ್ತೆ ಕೂಡುವ ಮುಂದಿನ ಸೀಟು ತನ್ನದಾಗಿರಬೇಕು. ಇಷ್ಟೇ ಅವನ ಬೇಡಿಕೆ. ಇದಕ್ಕಿಂತ ಸಣ್ಣ ಬೇಡಿಕೆಗಳಿಗಾಗಿ ಹಿಂದೆ ರಾಜ್ಯಗಳು ಮುಳುಗಿವೆ.

ಶಹಾಬಾದಿನ ಕಲ್ಲು ಪಾಲಿಶ್ ಕಾರ್ಖಾನೆಯೊಂದರ ಬಗಲಿಗೆ ಜಿಲಾನಿಯ ಗ್ಯಾರೇಜು. ಹಳೆಯ ಗಾಡಿ ಕೊಳ್ಳುವವರೂ ಮಾರುವವರೂ ಅವನಲ್ಲಿಗೇ ಬರುತ್ತಿದ್ದರು. ಮಾರುವವರು ನಂಬಿಕೆಯ ಮೇಲೆ ಗಾಡಿಯನ್ನು ಒಂದು ಭಾನುವಾರದ ಮಟ್ಟಿಗೆ ಅವನ ಕೈಗೆ ಬಿಡುತ್ತಿದ್ದರು. ಅವನು ಅದನ್ನು ಪಕ್ಕದ ಕಾರ್ಖಾನೆಯ ಅಂಗಳಕ್ಕೆ ಒಯ್ದು ನಿಲ್ಲಿಸುತ್ತಿದ್ದ. ಆ ಫರಸಿ ನೆಲದಷ್ಟು ಸಪಾಟಾದ ಜಾಗ ಜಿಲ್ಲೆಯಲ್ಲೇ ಇಲ್ಲವೆಂಬುದು ಅವನ ವಾದ. ಬಾನೆಟ್ ಮೇಲೆ ಅಂಚಿನವರೆಗೆ ತುಂಬಿದ ಒಂದು ಗ್ಲಾಸು ಚಾ ಇಟ್ಟು, ಇಂಜಿನ್ ಚಾಲೂ ಮಾಡಿ, ಕೈಕಟ್ಟಿ ನಿಲ್ಲುತ್ತಿದ್ದ. ಚಾ ಚೆಲ್ಲಿದರೆ ಗಾಡಿ ವಾಪಸ್ಸು. ಚೆಲ್ಲದಿದ್ದರೆ ಚಾ ಕುಡಿದು ಗಾಡಿ ಪಾಸು.

"ಮೂರು ನೋಡಬೇಕ್ರಿ ಅಣ್ಣಾರ," ಎಂದ ಜಿಲಾನಿ. "ಕೊಟ್ಟ ರೊಕ್ಕಕ್ಕ ಮಾಲು ಬರಬೇಕು, ಒಂದು. ನಡು ದಾರ್ಯಾಗ ಕೈ ಕೊಡಬಾರ್ದು, ಎರಡು. ನಡಸೋ ಮುಂದ ಮಜಾ ಬರಬೇಕು, ಮೂರು. ಮೂರೂ ಒಂದ್ರಾಗೇ ಸಿಗೋದು ಕಮ್ಮಿ. ನಿಮಗ ಯಾವುದು ಜರೂರ್ ಬೇಕು ಹೇಳ್ರಿ."

"ನನ್ನ ಸಡ್ಡಕ ದಿಲೀಪನ ಹೊಟ್ಟಿ ಉರೀಬೇಕು."

ಜಿಲಾನಿ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. "ಅದಕ್ಕ ಇನ್ನಾ ಮೀಟರ್ ಬಂದಿಲ್ರಿ," ಎಂದ ಗಂಭೀರವಾಗಿ.

"ಇನ್ನೊಂದು. ನಮ್ಮ ಕಡಿ ಧೂಳ ತಿಂದ ಗಾಡಿ ಬ್ಯಾಡ."

ಈ ಸೀಮೆಯಲ್ಲಿ ಕಾರುಗಳ ಮೇಲೆ ಕೂಡುವುದು ಬರಿ ಧೂಳಲ್ಲ, ಸಿಮೆಂಟು. ಚಳಿಗಾಲದ ಮಂಜು ಬಿದ್ದರೆ ಅದು ಅಲ್ಲೇ ಗಟ್ಟಿಯಾಗುತ್ತದೆ. ಬಾಗಿಲಿನ ಸಂದಿಯಲ್ಲಿ ಉಗುರು ಹಾಕಿ ಕೆರೆದರೆ ಹಕ್ಕಳೆ ಬಂತೋ, ಗಾಡಿ ಊರಿನದೇ ಎಂದು ಲೆಕ್ಕ. ದಿಲೀಪನ ಬಿಳಿ ಕಾರಿನಲ್ಲಿ ಅಂಥ ಹಕ್ಕಳೆ ಇತ್ತು. ಅಣವೀರ ಅದನ್ನು ಯಾರಿಗೂ ಕಾಣದಂತೆ ಕೆರೆದು ನೋಡಿ ಬಂದಿದ್ದ.

ಮೊದಲ ಭಾನುವಾರ ಸಿಕ್ಕಿದ್ದು ಚಿಂಚೋಳಿಯ ನಿವೃತ್ತ ಫಾರೆಸ್ಟ್ ಗಾರ್ಡ್ ಒಬ್ಬರ ಹಸಿರು ಕಾರು. ಓಣಿಯೊಳಗೆ ಹಿಡಿಯುತ್ತದೆಯೇ ಎಂದು ಅಳೆದು ನೋಡಲು ಅಣವೀರ ಅದನ್ನು ಸೇಡಂನ ಮನೆಗೆ ತಂದ. ತಪ್ಪಾದದ್ದು ಇಲ್ಲಿಯೇ. ಟ್ರಯಲ್ ಎಂಬ ಮಾತನ್ನು ಹೆಂಡತಿಗೆ ಹೇಳಿರಲಿಲ್ಲ. ಗಾಡಿ ಬಾಗಿಲಿಗೆ ಬಂದು ನಿಂತರೆ ರಾಧಿಕಾ ಮಾಡುವುದೇನು? ಆರತಿ ಎತ್ತಿದಳು. ಬಾನೆಟ್ಟಿಗೆ ಕುಂಕುಮದ ಸ್ವಸ್ತಿಕ ಬರೆದಳು. ನಾಲ್ಕು ಗಾಲಿಗೂ ಲಿಂಬೆಹಣ್ಣು ಇಟ್ಟಳು. ತೆಂಗಿನಕಾಯಿ ಒಡೆದು ಓಣಿಗೆಲ್ಲ ಹಂಚಿದಳು. ಪಕ್ಕದ ಮನೆಯ ತಾಜುನ್ನಿಸಾ ಖಾಲಾ ತಮ್ಮ ಕೈಯಾರೆ ಹೊಸೆದ ಹಸಿರು ದಾರವೊಂದನ್ನು ತಂದು ಮುಂದಿನ ಬಂಪರಿಗೆ ಮೂರು ಗಂಟು ಹಾಕಿ ಕಟ್ಟಿದರು.

"ನಜರ್ ಹತ್ತಬಾರ್ದು ಬೇಟಾ. ಮಾಶಾಲ್ಲಾ, ಏನ್ ಗಾಡಿ ತೊಗೊಂಡೀದಿ!"

"ಖಾಲಾ, ಇದು ನಾ ಇನ್ನಾ…"

"ನಿನ್ನ ಸಡ್ಡಕಂದಕ್ಕಿಂತ ಗೇಣುದ್ದ ಜಾಸ್ತಿ ಅದ ನೋಡು."

ಅಣವೀರ ಬಾಯಿ ಮುಚ್ಚಿದ. ಮನುಷ್ಯನ ಜೀವನದಲ್ಲಿ ನಿಜ ಹೇಳಲು ಇಂಥ ಒಂದು ಕ್ಷಣ ಸಿಗುತ್ತದೆ, ಬಾಯಲ್ಲಿ ಕೊಬ್ಬರಿ ತುಂಬಿರುವುದರಿಂದ ಅದು ಹಾಗೇ ದಾಟಿ ಹೋಗುತ್ತದೆ.

ಸಂಜೆ ಹಸಿರು ಕಾರು ಶಹಾಬಾದಿನಲ್ಲಿ ಅರ್ಧ ಗ್ಲಾಸು ಚಾ ಚೆಲ್ಲಿ ಫೇಲಾಯಿತು.

ಎರಡನೆಯ ಭಾನುವಾರ ಚಿತ್ತಾಪುರದ ಡಾಕ್ಟರೊಬ್ಬರ ನೀಲಿ ಕಾರು ಬಂತು. ಈ ಸಲ ರಾಧಿಕಾಳಿಗೆ ವಿಷಯ ಗೊತ್ತಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು ಸುಮ್ಮನೆ ಬಾಗಿಲಲ್ಲಿ ನಿಂತಳು. ಓಣಿ ಅವಳನ್ನೇ ನೋಡಿತು.

"ಯಾಕ ಬೇಟಿ, ಇದಕ್ಕ ಆರತಿ ಇಲ್ಲಾ?" ಎಂದರು ಖಾಲಾ, ದಾರ ಹಿಡಿದುಕೊಂಡು. "ಮೊದಲಿಂದು ಹೊಟ್ಟೀಲಿ ಹುಟ್ಟಿದ್ದು, ಇದು ಮಲಮಗ ಏನು?"

ರಾಧಿಕಾ ಗಂಡನ ಮುಖ ನೋಡಿದಳು. ಗಂಡ ಮೇಲೆ ಹೋಗುತ್ತಿದ್ದ ಹಕ್ಕಿಯನ್ನು ನೋಡಿದ. ಎರಡನೇ ಕಾಯಿ ಒಡೆಯಿತು. ಸಂಜೆ ಜಿಲಾನಿಯ ಅಂಗಳದಲ್ಲಿ ನೀಲಿ ಕಾರೂ ಚಾ ಚೆಲ್ಲಿತು.

"ಮಂದಿ ಕಾರಿಗಿ ನಾ ಎಷ್ಟ ದಿನ ಆರತಿ ಮಾಡ್ಲಿ?" ಎಂದು ಅವಳು ಮರುದಿನ ಸಂಜೆ ಕೇಳಿದಳು.

"ಶ್! ದಿಲೀಪಗ ಸುದ್ದಿ ಮುಟ್ಯಾದ. ಪ್ರೀತಿ ಫೋನ್ ಮಾಡಿದ್ಳಲ್ಲ, 'ಎರಡಂತಲ್ಲ ಅಕ್ಕಾ' ಅಂತ?"

"ಮಾಡಿದ್ಳು. ರಾತ್ರಿ ತನ್ನ ಗಂಡ ಊಟಾ ಬಿಟ್ಟಾರ ಅಂದ್ಳು."

ಅಣವೀರ ಅಂದು ಮೂರು ರೊಟ್ಟಿ ಹೆಚ್ಚಿಗೆ ತಿಂದ.

ಮೂರನೆಯದು ಬೂದಿ ಬಣ್ಣದ್ದು. ವಾಡಿಯ ರೈಲು ಡ್ರೈವರ್ ತಾರೀಕ ಎಂಬವನದು. ದಿನವಿಡೀ ಸಾವಿರಾರು ಟನ್ ಎಳೆಯುವ ಮನುಷ್ಯ ಮನೆಗೆ ಬಂದು ತನ್ನ ಸಣ್ಣ ಕಾರನ್ನು ಮೊಲದ ಮರಿಯಂತೆ ಸಾಕಿದ್ದ. ಆಯಿಲ್ ಬದಲಿಸಿದ ತಾರೀಖು, ಗಂಟೆ, ನಿಮಿಷ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಒಂದು ಕಡೆ 'ಏಳು ನಿಮಿಷ ತಡ' ಎಂದೂ ಇತ್ತು. ಚಾ ಅಲುಗಲಿಲ್ಲ. ಅದರ ಮೇಲೆ ಕಟ್ಟಿದ ಕೆನೆಯೂ ಅಲುಗಲಿಲ್ಲ. ಜಿಲಾನಿ ಗ್ಲಾಸು ಎತ್ತಿ ಕಣ್ಣು ಮುಚ್ಚಿ ಕುಡಿದ.

ಅಣವೀರ ಅದನ್ನು ಸೇಡಂ ರಸ್ತೆಗೆ ಬಿಟ್ಟಾಗ ಮೊದಲ ಬಾರಿಗೆ ದಿಲೀಪನನ್ನು ಮರೆತ. ಸ್ಟೇರಿಂಗ್ ಎರಡು ಬೆರಳಿಗೆ ತಿರುಗುತ್ತಿತ್ತು. ಸಿಮೆಂಟ್ ಟ್ಯಾಂಕರುಗಳನ್ನು ದಾಟುವಾಗ ಕಾರು ತಾನೇ ಮುಂದಾಗಿ ಜಾಗ ಹುಡುಕಿಕೊಳ್ಳುತ್ತಿತ್ತು. ತೊಗರಿ ಹೊಲಗಳು ಎರಡೂ ಕಡೆ ಹಿಂದಕ್ಕೆ ಹರಿದವು. ಆ ಸಲ ಜೊತೆಗೆ ಬಂದಿದ್ದ ರಾಧಿಕಾ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಹನ್ನೊಂದು ವರ್ಷದಲ್ಲಿ ಗಂಡ ನಡೆಸುವ ವಾಹನದ ಮೇಲೆ ಅವಳು ಕಣ್ಣು ಮುಚ್ಚಿದ್ದು ಅದೇ ಮೊದಲು. ಮನೆಯ ಮುಂದೆ ಮೂರನೇ ಆರತಿಯಾಯಿತು, ಮೂರನೇ ಹಸಿರು ದಾರ ಬಿತ್ತು. ಎಲ್ಲ ಮುಗಿದ ಮೇಲೆ ಅಣವೀರ ಅಭ್ಯಾಸಬಲದಿಂದ ಬಾಗಿಲಿನ ಸಂದಿಗೆ ಉಗುರು ಹಾಕಿದ.

ಹಕ್ಕಳೆ ಬಂತು.

"ಇದ್ರಾಗ ಸಿಮೆಂಟ್ ಅದ," ಎಂದ ಸಂಜೆ ಶಹಾಬಾದಿಗೆ ಮರಳಿ, ಜಿಲಾನಿಗೆ.

"ವಾಡಿ ಗಾಡ್ಯಾಗ ಸಿಮೆಂಟ್ ಇರ್ಲಾರ್ದ ಸಕ್ರಿ ಇರ್ತದೇನ್ರಿ? ಊರ ಗಾಡಿ ಅಂದ್ರ ಎಲ್ಲಿ ಬಿದ್ದದ, ಎಲ್ಲಿ ಎದ್ದದ ಎಲ್ಲಾ ಗೊತ್ತಿರ್ತದ. ಹೊರಗಿನ ಗಾಡಿ ಪರದೇಶಿ, ನಗ್ತದ ಖರೆ, ಹೆಸರ ಹೇಳಂಗಿಲ್ಲ. ತೊಗೊಳ್ರಿ ಅಣ್ಣಾರ. ನಾ ಹೇಳಿದ ಮೂರೂ ಇದ್ರಾಗ ಅದಾವ."

"ದಿಲೀಪಂದ್ರಾಗೂ ಇದೇ ಧೂಳ ಅದ. ಇದು ತೊಗೊಂಡ್ರ ಅವಗೂ ನನಗೂ ಏನ್ ಫರಕ್?"

ಜಿಲಾನಿ ಗ್ಲಾಸನ್ನು ತೊಳೆದು ಬೋರಲು ಹಾಕಿದ.

ನಾಲ್ಕನೆಯದು ಕುರಕುಂಟಾದ ಕಾಂಟ್ರಾಕ್ಟರೊಬ್ಬರ ದೈತ್ಯ ಗಾಡಿ. ಅದು ಅಣವೀರನ ಓಣಿಯೊಳಗೆ ಹೋಗಲೇ ಇಲ್ಲ, ಬಾಯಲ್ಲೇ ಸಿಕ್ಕಿಕೊಂಡಿತು. ಹೀಗಾಗಿ ಆರತಿ ನಡುರಸ್ತೆಯಲ್ಲೇ ಆಯಿತು. ಹಿಂದೆ ಒಂದು ಬಸ್ಸು, ಎರಡು ಟಂಟಂ ರಿಕ್ಷಾ, ಒಂದು ಎಮ್ಮೆಗಳ ಹಿಂಡು ಕಾಯುತ್ತ ನಿಂತವು. ಬಸ್ಸಿನ ಕಂಡಕ್ಟರನಿಗೂ ಕೊಬ್ಬರಿ ಕೊಟ್ಟರು. ಆ ಬಸ್ಸು ಚಿತ್ತಾಪುರದ ಮೇಲೆ ಹಾದು ವಾಡಿಗೆ ಹೋಗುವ ಬಸ್ಸು. ಅದು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತು.

"ಅಣವೀರಾ!" ಫೋನಿನಲ್ಲಿ ಭೀಮಬಾಯಿಯ ದನಿ ನಡುಗುತ್ತಿತ್ತು. "ನಾಕಂತಲ್ಲೋ! ಹೊಟ್ಟ್ಯಾಗ ಇಟ್ಕೊಂಡು ಕುಂತೀದಿ, ಹೇಳಬಾರ್ದೇನು? ಬಂದ್ರ ಬರೇ ಚೀಲ ಇಳಸ್ತಿದ್ದಿ, ಒಂದ್ ಮಾತ ಆಡ್ತಿರಲಿಲ್ಲ. ದೊಡ್ಡ ಮನಸಿನವ ನೀ."

ಅಣವೀರನ ಕಣ್ಣಲ್ಲಿ ನೀರು ಬಂತು. "ಅದೇನ್ ಬಿಡತ್ತಿ," ಎಂದ.

"ಅಮಾಸಿಗಿ ನಿನ್ನ ಗಾಡ್ಯಾಗೇ ಹೋಗೂದು. ನಾ ಮುಂದ ಕುಂದ್ರಾಕಿ. ದಿಲೀಪಗ ಬ್ಯಾಡ ಅಂತ ಹೇಳೀನಿ, ಪಾಪ ಮಾರಿ ಸಣ್ಣದ ಮಾಡಿದ್ರು. ನಾಕೂ ತೊಗೊಂಡು ಬಾ. ನಮ್ಮ ಓಣ್ಯಾಗ ನನ್ನ ಹಿಡದು ಹತ್ತೊಂಬತ್ತು ಮಂದಿ ಆಗೀವಿ."

ಅಣವೀರ ಫೋನು ಇಟ್ಟ. ಗೆಲುವು ಮತ್ತು ಹತ್ತೊಂಬತ್ತು ಮಂದಿ ಒಟ್ಟಿಗೇ ಬಂದಿದ್ದರು.

ಮರುದಿನ ಮಧ್ಯಾಹ್ನ, ಝರಾಕ್ಸ್ ಅಂಗಡಿಯ ಮುಂದೆ ಏಳು ಜನರ ಸಾಲು ಇದ್ದಾಗ, ಎದುರಿನ ಕಚೇರಿಯಿಂದ ಆಹಾರ ನಿರೀಕ್ಷಕ ಕಪಿಲ ರಸ್ತೆ ದಾಟಿ ಬಂದ. ಹೊಸದಾಗಿ ಬಂದ ಹುಡುಗ, ಬಹಳ ಸಭ್ಯ. ದನಿ ಮಾತ್ರ ರೈಲು ನಿಲ್ದಾಣದ್ದು.

"ನಮಸ್ಕಾರ್ರಿ ಅಣವೀರಪ್ಪನವರ. ನಿಮ್ಮ ಮ್ಯಾಗ ಒಂದು ಅರ್ಜಿ ಬಂದದ."

ಅಣವೀರ ಅರ್ಜಿ ನೋಡಿದ. ಎಡ ಅಂಚಿನಲ್ಲಿ ಉದ್ದಕ್ಕೆ ಒಂದು ಕಪ್ಪು ಗೆರೆ ಇತ್ತು. ಆ ಗೆರೆ ಅವನದೇ ಮಷೀನಿನದು. ಅವನ ಮೇಲೆ ದೂರು ಬರೆದವರು ಅವನ ಅಂಗಡಿಯಲ್ಲೇ ಎರಡು ಪ್ರತಿ ತೆಗೆಸಿಕೊಂಡು ಹೋಗಿದ್ದರು.

"ನಾಕು ಚಕ್ರದ ಗಾಡಿ ಇದ್ದೋರಿಗಿ ಬಿಪಿಎಲ್ ಕಾರ್ಡ್ ನಡಿಯಂಗಿಲ್ರಿ," ಎಂದ ಕಪಿಲ. "ನಿಮಗ ನಾಕು ಗಾಡಿ ಅಂತ ಬರದಾರ. ಅಂದ್ರ ಹದಿನಾರು ಚಕ್ರ."

"ಸ್ಟೆಪ್ನಿ ಹಿಡದ್ರ ಇಪ್ಪತ್ತು," ಎಂದಿತು ಸಾಲಿನಿಂದ ಒಂದು ದನಿ.

"ಸರ್, ಜರಾ ಒಳಗ ಬರ್ರಿ." ಅಣವೀರ ಅವನನ್ನು ಲ್ಯಾಮಿನೇಷನ್ ಮಷೀನಿನ ಹಿಂದೆ ಕರೆದೊಯ್ದು ಕಿವಿಯಲ್ಲಿ ಉಸುರಿದ. "ಒಂದೂ ಇಲ್ರಿ."

"ಒಂದೂ ಇಲ್ಲಾ?" ಎಂದ ಕಪಿಲ. ಏಳು ತಲೆಗಳು ಒಟ್ಟಿಗೆ ಇತ್ತ ತಿರುಗಿದವು. ಅದರಲ್ಲಿ ಒಂದು ತಲೆ ಮಗಳ ನಿಶ್ಚಯಕ್ಕೆ ಎರಡು ಗಾಡಿ ಕೇಳಿ ಹೋಗಿತ್ತು. ಇನ್ನೊಂದು ವಾಡಿಯದು, ಭೀಮಬಾಯಿಯ ಹಿತ್ತಿಲಿಗೆ ಅಂಟಿದ ಮನೆಯದು.

ಒಂದು ಕಡೆ ತಿಂಗಳ ಅಕ್ಕಿ. ಇನ್ನೊಂದು ಕಡೆ ಮುಂದಿನ ಸೀಟು. ಅಣವೀರ ದನಿ ಏರಿಸಿದ.

"ಒಂದೂ… ಕೆಟ್ಟಿಲ್ಲ ಅಂದ್ನಿ. ನಾಕೂ ಚಲೋ ನಡ್ಯಾಕತ್ಯಾವ. ಕಾರ್ಡ್ ತೊಗೊಂಡು ಹೋಗ್ರಿ. ಎಲ್ಲಿ ಸಹಿ ಮಾಡ್ಲಿ?"

ಕಪಿಲನ ಕಣ್ಣು ತುಂಬಿ ಬಂತು. ಕೇಳಿದ ಕೂಡಲೇ ಕಾರ್ಡು ಒಪ್ಪಿಸಿದ ಮನುಷ್ಯನನ್ನು ಅವನು ತನ್ನ ನೌಕರಿಯಲ್ಲಿ ಕಂಡಿರಲಿಲ್ಲ. ಅವನು ಅಣವೀರನ ಕೈ ಕುಲುಕಿ ಎಲ್ಲರೆದುರಿಗೆ ಹೊಗಳಿದ. ಕಾರಿದ್ದದ್ದಕ್ಕೆ ಕಾರ್ಡು ಕಳೆದುಕೊಂಡವರು ಊರಲ್ಲಿ ಹಲವರಿದ್ದರು. ಕಾರಿಲ್ಲದೆ ಕಳೆದುಕೊಂಡವನು ಇವನೊಬ್ಬನೇ.

"ಅಕ್ಕಿ ಹೋತು, ಗಾಡಿ ಬರ್ಲಿಲ್ಲ," ಎಂದಳು ರಾಧಿಕಾ. ಅವಳು ಕೂಗಾಡಲಿಲ್ಲ, ಅದೇ ಹೆದರಿಕೆಯ ವಿಷಯ. "ಈಗ ಸುಮ್ಮ ಹೋಗಿ ಆ ಬೂದಿ ಬಣ್ಣದ್ದು ತೊಗೊಂಡು ಬರ್ರಿ. ಒಂದರೇ ಖರೇ ಆಗ್ಲಿ. ಅದರಾಗ ನನಗ ನಿದ್ದಿ ಹತ್ತಿತ್ತು."

ಅಣವೀರ ಜಿಲಾನಿಗೆ ಫೋನು ಮಾಡಿದ.

"ಅದು ನಿನ್ನಿ ಹೋತ್ರಿ ಅಣ್ಣಾರ."

"ಯಾರು ತೊಗೊಂಡ್ರು?"

"ಅದು ಹೇಳಂಗಿಲ್ರಿ. ಗಾಡಿ ನೋಡಿದವ್ರ ಹೆಸರ, ತೊಗೊಂಡವ್ರ ಹೆಸರ ನನ್ನ ಬಾಯಾಗ ಬರಂಗಿಲ್ಲ. ನೀವು ನೋಡಿದ್ದೂ ಅವರಿಗಿ ಹೇಳಿಲ್ಲ. ಅವರೂ ನಿಮ್ಮಂಗೇ ಭಾಳ ಅವಸರದಾಗ ಇದ್ರು."

ಹೆಸರು ಗೊತ್ತಿಲ್ಲದ ಆ ಮನುಷ್ಯನ ಮೇಲೂ ಅಣವೀರನಿಗೆ ತಕ್ಷಣ ಹೊಟ್ಟೆಕಿಚ್ಚು ಶುರುವಾಯಿತು. ಆ ಮನುಷ್ಯ ಈಗ ಎರಡು ಬೆರಳಿನಿಂದ ಸ್ಟೇರಿಂಗ್ ತಿರುಗಿಸುತ್ತಿರಬಹುದು.

ಅಮಾವಾಸ್ಯೆಗೆ ಆರು ದಿನ ಉಳಿದಿತ್ತು. ಅಣವೀರ ಜಿಲಾನಿಯನ್ನೂ ಅವನ ಚಾವನ್ನೂ ಬಿಟ್ಟು ಗಡಿ ದಾಟಿ ತಾಂಡೂರಿಗೆ ಹೋದ. ಅಲ್ಲಿಯ ಒಬ್ಬ ಹಳೆ ಗಾಡಿ ವ್ಯಾಪಾರಿ ಅವನಿಗೆ ಒಣಮೆಣಸಿನಕಾಯಿ ಕೆಂಪಿನ ಒಂದು ಕಾರು ತೋರಿಸಿದ. ಅದು ಎಷ್ಟು ಹೊಳೆಯುತ್ತಿತ್ತೆಂದರೆ ಅಣವೀರನಿಗೆ ಅದರಲ್ಲಿ ದಿಲೀಪನ ಮುಖ ಕಂಡಿತು, ಸಣ್ಣದಾಗಿ. ಸಂದಿಯಲ್ಲಿ ಉಗುರು ಹಾಕಿದ. ಹಕ್ಕಳೆ ಬರಲಿಲ್ಲ. ಮತ್ತೇನು ನೋಡುವುದು? ಮಾಳಿಗೆ ಕಟ್ಟಿಸಲೆಂದು ಕೂಡಿಟ್ಟ ಗಂಟನ್ನು ಬಿಚ್ಚಿ ಮಾತು ಮುಗಿಸಿದ.

ಅಮಾವಾಸ್ಯೆಯ ಬೆಳಿಗ್ಗೆ ರೈಲಿನಲ್ಲಿ ಹೋಗಿ ಗಾಡಿ ಬಿಡಿಸಿಕೊಂಡ. ಅವನು ಹೋದಾಗ ಇಂಜಿನ್ ಆಗಲೇ ಚಾಲೂ ಇತ್ತು. ಮೊನ್ನೆ ಹೋದಾಗಲೂ ಚಾಲೂ ಇತ್ತು.

"ಬಂದ್ ಮಾಡೊದ್ದು, ಮಾಡಬ್ಯಾಡ್ರಿ ಸಾರ್," ಎಂದ ವ್ಯಾಪಾರಿ, ತನ್ನ ತೆಲುಗು ಬೆರೆತ ಕನ್ನಡದಲ್ಲಿ. "ನಿಮ್ಮ ಕೋಸಮೇ ಬಿಸಿ ಮಾಡಿ ಇಟ್ಟೀನಿ. ಹಿಂಗೇ ಹೋಗಿಬಿಡ್ರಿ, ಶುಭ."

ಎಂಥ ಆದರ ಎಂದು ಅಣವೀರ ಮನಸ್ಸಿನಲ್ಲೇ ಕೈ ಮುಗಿದ.

ಸೇಡಂನಲ್ಲಿ ಹೊತ್ತಾಗಿದ್ದರಿಂದ ಇಂಜಿನ್ ಆರಿಸದೆಯೇ ಹಾರ್ನ್ ಹೊಡೆದ. ರಾಧಿಕಾ ಬಂದಳು. ಅವಳ ಹಿಂದೆ ತಾಜುನ್ನಿಸಾ ಖಾಲಾ, ವಾಡಿಯ ಮಗಳ ಮನೆಗೆಂದು ಬುತ್ತಿ ಕಟ್ಟಿಕೊಂಡು.

"ಆರತಿ?" ಎಂದರು ಖಾಲಾ. "ಅಯ್ಯ, ದಾರ ಸೈತ ಮರತೆ!"

"ನಾಕು ಮಾಡೀನಿ ಖಾಲಾ, ಸಾಕಾಗ್ಯಾದ," ಎಂದಳು ರಾಧಿಕಾ. ಗಂಡನ ಕಿವಿಯ ಹತ್ತಿರ ಬಾಗಿ, "ಇದೂ ನಾಳಿ ವಾಪಸ್ ಹೋಗೂದೇ, ಅಲ್ಲೇನ್ರಿ?" ಎಂದಳು.

"ಇದು ಖರೇ ನಮ್ದು!"

"ಹೂಂ, ನಾಕೂ ನಮ್ವೇ," ಎಂದು ಅವಳು ಹಿಂದಿನ ಸೀಟಿನಲ್ಲಿ ಕುಳಿತಳು. ನಿದ್ದೆ ಹತ್ತಲಿಲ್ಲ.

ವಾಡಿಯಲ್ಲಿ ಭೀಮಬಾಯಿಯೂ ಸೇರಿ ಹತ್ತೊಂಬತ್ತು ಮಂದಿ ಹೊಸ ಬಟ್ಟೆ ತೊಟ್ಟು ರಸ್ತೆಯಲ್ಲಿ ಸಾಲಾಗಿ ನಿಂತಿದ್ದರು. ಕೆಂಪು ಕಾರು ಬಂತು. ಅದರ ಹಿಂದೆ ರಸ್ತೆ ಖಾಲಿ ಇತ್ತು.

"ಉಳದ್ವು?" ಎಂದಳು ಭೀಮಬಾಯಿ.

"ಕಿರಾಯಕ್ಕ ಹೋಗ್ಯಾವತ್ತಿ. ಇವತ್ತ ಅಮಾಸಿ ಅಲ್ಲಾ, ಬೇಡಿಕಿ ಭಾಳ. ಇದು ಹೊಸಾದು, ಐದನೇದು."

ಐದು! ಹದಿನೆಂಟು ಮಂದಿ ಆ ಸಂಖ್ಯೆಯನ್ನು ಬಾಯಲ್ಲಿ ಚಪ್ಪರಿಸುತ್ತ ಸ್ಟೇಷನ್ನಿನ ಕಡೆ ನಡೆದರು. ನಾಲವಾರಕ್ಕೆ ರೈಲಿನಲ್ಲಿ ಹೋಗುವುದು ಅವರಿಗೆ ಹೊಸದೇನಲ್ಲ. ಅಣವೀರ ಇಂಜಿನ್ ಆರಿಸಿದ. ಒಳಗೆ ಗಾದಿ ಕುರ್ಚಿ ಕಾಯುತ್ತಿತ್ತು. ಅದರ ಮೇಲೆ ಟವೆಲ್ ಇತ್ತು. ಟವೆಲ್ಲಿನ ಅಂಚಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಅವನು ಕುಳಿತ. ಹನ್ನೊಂದು ವರ್ಷ ಕಾದ ಕುರ್ಚಿ ಅಷ್ಟೇನೂ ಮೆತ್ತಗಿರಲಿಲ್ಲ, ಆದರೆ ಅದನ್ನು ಯಾರಿಗೂ ಹೇಳುವಂತಿರಲಿಲ್ಲ.

ಚಾ ಅರ್ಧಕ್ಕೆ ಬಂದಾಗ ಹೊರಗೆ ಒಂದು ಹಾರ್ನು. ದಿಲೀಪನ ಗಾಡಿ. ಬಿಳಿಯದಲ್ಲ. ಬೂದಿ ಬಣ್ಣದ್ದು.

"ಬಿಳೀದು ಮಾರಿದೆ ಅಣ್ಣಾ," ಎಂದ ದಿಲೀಪ ಒಳಗೆ ಬಂದು, ಕುರ್ಚಿಯನ್ನು ನೋಡಿ ನೋಡದಂತೆ. "ನೀವು ನಾಕು ನಾಕು ತೊಗೊಂಡ್ರ ನಾವೂ ಒಂದು ಚಲೋದು ಇಟ್ಕೋಬೇಕಲ್ಲ. ಜಿಲಾನಿ ಕೊಡಿಸಿದ. ರೈಲು ಡ್ರೈವರ್ ಸಾಕಿದ ಗಾಡಿ. ಸ್ಟೇರಿಂಗ್ ಅಂದ್ರ ಎರಡ್ ಬಟ್ಟ ಸಾಕು."

ಅಣವೀರನ ಕೈಯಲ್ಲಿದ್ದ ಚಾ ಚೆಲ್ಲಿತು. ಜಿಲಾನಿ ನೋಡಿದ್ದರೆ ಅವನನ್ನು ವಾಪಸ್ಸು ಕಳಿಸುತ್ತಿದ್ದ.

ಆಗ ಹೊರಗಿನಿಂದ ತಾಜುನ್ನಿಸಾ ಖಾಲಾರ ದನಿ ಕೇಳಿತು. "ಅರೇ! ಇದು ನಮ್ಮ ಅಣವೀರಂದು!"

ಎಲ್ಲರೂ ಹೊರಗೆ ಬಂದರು. ಖಾಲಾ ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹಸಿರು ದಾರವೊಂದನ್ನು ಹಿಡಿದು ಎತ್ತಿ ತೋರಿಸುತ್ತಿದ್ದರು.

"ಮೂರು ಗಂಟು. ನನ್ನ ಕೈದು. ಮೂರನೇ ಐತ್ವಾರ ಕಟ್ಟೀನಿ. ಇಲ್ಲಿ ನೋಡ್ರಿ ಕುಂಕುಮ, ಬೇಟಿ ಹಚ್ಚಿದ್ದು, ಇನ್ನಾ ಹೋಗಿಲ್ಲ."

"ಏನ್ ಮಾತಾಡ್ಲಿಕತ್ತೀರಿ?" ದಿಲೀಪ ಕೆಂಪಗಾದ. "ಇದು ತಾರೀಕನ ಗಾಡಿ. ನಾ ತೊಗೊಂಡೀನಿ. ಕಾಗದ ಅದಾವ!"

"ಕಾಗದ ಏನ್ ಹೇಳ್ತದ ನನಗೇನ್ ಗೊತ್ತು? ನಾ ಈ ಗಾಡಿ ಕಾಯಿ ತಿಂದೀನಿ. ತಿಂದ ಬಾಯಿ ಸುಳ್ಳ ಹೇಳ್ತದೇನು?"

ಭೀಮಬಾಯಿ ಸಣ್ಣ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಣವೀರ ತನ್ನ ನಾಕರಾಗ ಒಂದು ನಿಮಗ ಕೊಟ್ಟಾನ. ಕೊಟ್ಟಿದ್ದು ಹೇಳಿದ್ರ ಸಣ್ಣವ್ರಾಗ್ತಿರಲಿಲ್ಲ ಬಿಡ್ರಿ."

"ಅಣ್ಣಾ!" ದಿಲೀಪನ ದನಿ ಒಡೆಯಿತು. "ಖರೇ ಏನದ ಹೇಳು. ಈ ಗಾಡಿ ನಿಂದಾ?"

ರಾಧಿಕಾ ಗಂಡನನ್ನೇ ನೋಡುತ್ತಿದ್ದಳು. ಅಣವೀರ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ. ಕುರ್ಚಿಯದನ್ನು ಯಾವಾಗ ಎತ್ತಿಕೊಂಡು ಬಂದಿದ್ದನೋ. ನಂತರ ಮಠದ ಸ್ವಾಮಿಗಳ ಧಾಟಿಯಲ್ಲಿ ಹೇಳಿದ:

"ಇರ್ಲಿ ಬಿಡು ದಿಲೀಪಾ. ಮನಿ ಮಂದಿಯೊಳಗ ನಂದೇನು, ನಿಂದೇನು?"

ಓಣಿ ನಿಟ್ಟುಸಿರು ಬಿಟ್ಟಿತು. ಭೀಮಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ದಿಲೀಪಪ್ಪನವರ, ಹೊಂಡೂದ್ರೊಳಗ ಅಟ್ಟದ ಮ್ಯಾಲಿನ ಜ್ವಾಳದ ಚೀಲ ಒಂದು ಇಳಸ್ರಿ ಜರಾ," ಎಂದಳು.

ಈ ಕಥೆ ಇಲ್ಲಿಗೆ ಮುಗಿದಿದ್ದರೆ ಅಣವೀರನಷ್ಟು ಸುಖಿ ಕಲಬುರಗಿ ಜಿಲ್ಲೆಯಲ್ಲಿ ಇರುತ್ತಿರಲಿಲ್ಲ. ಆದರೆ ನಾಲವಾರಕ್ಕೆ ಹೋಗುವುದಿತ್ತು. ಅವನು ಕೆಂಪು ಕಾರಿನ ಮುಂದಿನ ಬಾಗಿಲು ತೆರೆದು ಹಿಡಿದ. ಭೀಮಬಾಯಿ ಬಲಗಾಲಿಟ್ಟು ಹತ್ತಿದಳು, ಸೀಟನ್ನು ಕೈಯಿಂದ ಒತ್ತಿ ನೋಡಿದಳು, ತಲೆದೂಗಿದಳು. ಅಣವೀರ ಕೀಲಿ ತಿರುಗಿಸಿದ.

ಕಿಟ್.

ಮತ್ತೊಮ್ಮೆ ತಿರುಗಿಸಿದ.

ಕಿಟ್.

ತಾಂಡೂರಿನ ವ್ಯಾಪಾರಿ ಎರಡೂ ಸಲ ಇಂಜಿನ್ ಬಿಸಿ ಮಾಡಿಟ್ಟ ಆದರದ ಅರ್ಥ ಅವನಿಗೆ ಈಗ ನಿಧಾನವಾಗಿ ಹೊಳೆಯತೊಡಗಿತು. ಓಣಿಯವರು ತಳ್ಳಿದರು. ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿದರು. ಜೋಳದ ಹೊಟ್ಟು ಮೈಗೆ ಹತ್ತಿಸಿಕೊಂಡು ಹೊರಬಂದ ದಿಲೀಪ ತನ್ನ ಡಿಕ್ಕಿಯಿಂದ ಒಂದು ಹಗ್ಗ ತೆಗೆದ. ರೈಲು ಡ್ರೈವರ್ ಅದನ್ನೂ ಸುರುಳಿ ಸುತ್ತಿ, ಚೀಟಿ ಅಂಟಿಸಿ ಇಟ್ಟಿದ್ದ.

"ಕಾರಣ ಗೊತ್ತಾತು," ಎಂದರು ಖಾಲಾ. "ಆರತಿ ಆಗಿಲ್ಲ. ದಾರ ಇಲ್ಲ. ನಾಕಕ್ಕ ಮಾಡಿ ಇದೊಂದಕ್ಕ ಬಿಟ್ರ ಅದಕ್ಕೂ ಸಿಟ್ಟ ಬರ್ತದ."

"ಹಂಗಾದ್ರ ಮಠದಾಗೇ ಮಾಡಿಸೋಣು," ಎಂದು ಭೀಮಬಾಯಿ ಕೆಂಪು ಕಾರಿನಿಂದ ಇಳಿದಳು. "ಅಲ್ಲೀತನಾ ಜಗ್ಗೊಂಡು ನಡೀರಿ."

"ಅತ್ತಿ, ನೀ ಇಲ್ಲೇ ಕುಂದ್ರು, ಹಗ್ಗದ ಮ್ಯಾಗೂ ಗಾಡಿ ಮೆತ್ತಗೇ ಹೋಗ್ತದ," ಎಂದ ಅಣವೀರ, ಬಾಗಿಲನ್ನು ಬಿಡದೆ.

"ಹಗ್ಗಕ್ಕ ಕಟ್ಟಿದ್ದರಾಗ ದೇವರಿಗಿ ಹೋಗ್ತಾರೇನು? ನಾ ಮುಂದಿನದ್ರಾಗ ಕುಂದ್ರತೀನಿ. ಅದೂ ನಿಂದೇ ಅಲ್ಲೇನು?"

ಇದಕ್ಕೆ ಇದ್ದ ಒಂದೇ ಉತ್ತರವನ್ನು ಅವನು ಹತ್ತು ನಿಮಿಷದ ಹಿಂದೆ ಎಲ್ಲರೆದುರಿಗೆ ದಾನ ಮಾಡಿಬಿಟ್ಟಿದ್ದ. ಭೀಮಬಾಯಿ ಬೂದಿ ಕಾರಿನ ಮುಂದಿನ ಸೀಟಿನಲ್ಲಿ ಕುಳಿತಳು. ರಾಧಿಕಾ ಹಿಂದೆ ಕುಳಿತಳು, ಊರು ದಾಟುವ ಮೊದಲೇ ಅವಳಿಗೆ ನಿದ್ದೆ ಹತ್ತಿತು. ದಿಲೀಪ ಎರಡು ಬೆರಳಿನಿಂದ ಸ್ಟೇರಿಂಗ್ ತಿರುಗಿಸಿದ. ಅವರ ಹಿಂದೆ ಹನ್ನೆರಡು ಅಡಿ ಹಗ್ಗ, ಹಗ್ಗದ ಹಿಂದೆ ಕೆಂಪು ಕಾರು, ಅದರೊಳಗೆ ಅಣವೀರ ಒಬ್ಬನೇ, ಕಾಲು ಬ್ರೇಕಿನ ಮೇಲೆ. ಅಮಾವಾಸ್ಯೆಯ ಗಾಡಿಗಳಿಂದ ರಸ್ತೆ ಗಿಜಿಗುಡುತ್ತಿತ್ತು. ಬೂದಿ ಕಾರಿನ ಗಾಲಿಗಳು ಎಬ್ಬಿಸಿದ ಬಿಳಿ ಧೂಳು ಮುಚ್ಚಲು ಬಾರದ ಅವನ ಕಿಟಕಿಯಿಂದ ನೇರವಾಗಿ ಒಳಗೆ ಬರುತ್ತಿತ್ತು. ಬೆವರಿದ ಮುಖದ ಮೇಲೆ ಅದು ಕೂತು ಗಟ್ಟಿಯಾಯಿತು. ಗಲ್ಲಕ್ಕೆ ಉಗುರು ಹಾಕಿ ಕೆರೆದುಕೊಂಡ. ಹಕ್ಕಳೆ ಬಂತು.

ಜಗತ್ತೆಲ್ಲ ತನ್ನದೆಂದು ನಂಬಿದ ಕಾರಿನ ಮೇಲೆ ಹೊಟ್ಟೆ ಉರಿದುಕೊಳ್ಳುತ್ತ ಅವನು ನಾಲವಾರ ಮುಟ್ಟಿದ. ರೈಲಿನಲ್ಲಿ ಬಂದ ಹದಿನೆಂಟು ಮಂದಿ ಆಗಲೇ ದರ್ಶನ ಮುಗಿಸಿ ಪ್ರಸಾದಕ್ಕೆ ಕುಳಿತಿದ್ದರು.

"ಯಾವ ಗಾಡಿಗಿ ಪೂಜಾ ಮಾಡಬೇಕ್ರಿ?" ಎಂದು ಕೇಳಿದ ಮಠದ ಮುಂದೆ ವಾಹನಗಳಿಗೆ ಪೂಜೆ ಮಾಡುತ್ತಿದ್ದ ಅಯ್ಯ.

"ಮುಂದಿಂದಕ್ಕ ಆಗ್ಯಾದ್ರಿ. ಹಿಂದಿಂದಕ್ಕ ಮಾಡ್ರಿ," ಎಂದಳು ಭೀಮಬಾಯಿ.

ಆರತಿಯಾಯಿತು. ಸ್ವಸ್ತಿಕವಾಯಿತು. ಲಿಂಬೆಹಣ್ಣು ಇಟ್ಟರು. ಅಣವೀರ ಐದನೆಯ ಕಾಯಿಯನ್ನು ತಾನೇ ಒಡೆದ. ಸರಿಯಾಗಿ ಎರಡು ಹೋಳಾಯಿತು. ಅವನು ಕಣ್ಣು ಮುಚ್ಚಿ ಕೀಲಿ ತಿರುಗಿಸಿದ.

ಕಿಟ್.

ಅವನು ಕೆಳಗಿಳಿದ. ಹುಬ್ಬಿನವರೆಗೆ ಬೆಳ್ಳಗಾಗಿದ್ದ. ಬೂದಿ ಕಾರಿನ ಬಾನೆಟ್ ಮೇಲೆ ಕೈಯಿಟ್ಟು ನಿಂತಿದ್ದ ದಿಲೀಪನನ್ನು ನೋಡಿದ, ಅಕ್ಕಿಯಿಲ್ಲದ ಮನೆಯನ್ನು ನೆನೆದ, ಮಾಳಿಗೆಯಿಲ್ಲದ ಮನೆಯನ್ನು ನೆನೆದ.

"ಅತ್ತಿ," ಎಂದ, "ಖರೇ ಹೇಳಬೇಕಂದ್ರ…"

ಭೀಮಬಾಯಿ ಒಂದು ತುಂಡು ಕೊಬ್ಬರಿಯನ್ನು ಅವನ ಬಾಯಿಗಿಟ್ಟಳು.

"ಮಾರಿ ಸಣ್ಣದ ಮಾಡಬ್ಯಾಡೋ. ಇದೊಂದು ಹೋದ್ರ ಹೋಗ್ಲಿ, ಇನ್ನಾ ನಾಕು ಅದಾವಲ್ಲ," ಎಂದು ಬೆನ್ನು ತಟ್ಟಿದಳು. ನಂತರ ಬೂದಿ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಸೆರಗು ಸರಿಮಾಡಿಕೊಂಡಳು. "ನಡೀರಿ ದಿಲೀಪಪ್ಪ. ಜ್ವಾಕಿಲೆ ನಡಸ್ರಿ, ಮಂದಿ ಗಾಡಿ ಅದ."